ಕಾಣದ ಹಕ್ಕಿಗೂ ಲೆಕ್ಕವಿದೆ

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಚಿಕ್ಕ ಲೆಕ್ಕ ಹಾಕೋಣ. ಹಕ್ಕಿ ನೋಡುವವರು ತಮಗೆ ಸಿಕ್ಕ ಹಕ್ಕಿಗಳ ಹೆಸರು ಬರೆದು ಪಟ್ಟಿ ಕಳಿಸುತ್ತಾರೆ. ಒಂದು ಪ್ರದೇಶದಿಂದ ಮೊದಲ ವರ್ಷ ಇಂಥ 50 ಪಟ್ಟಿಗಳು ಬಂದವು, ಅವುಗಳಲ್ಲಿ 20ರಲ್ಲಿ ಮಡಿವಾಳ ಹಕ್ಕಿ ಇತ್ತು ಎಂದಿಟ್ಟುಕೊಳ್ಳಿ. ಮರುವರ್ಷ ಹುರುಪು ಹೆಚ್ಚಿ 200 ಪಟ್ಟಿ ಬಂದವು, 50ರಲ್ಲಿ ಮಡಿವಾಳ ಇತ್ತು. ಇಪ್ಪತ್ತು ಇದ್ದದ್ದು ಐವತ್ತಾಯಿತು ಎಂದು ಖುಷಿಪಡುವಂತಿಲ್ಲ. ನೂರಕ್ಕೆ 40 ಪಟ್ಟಿಗಳಲ್ಲಿ ಸಿಗುತ್ತಿದ್ದ ಹಕ್ಕಿ ಈಗ 25ರಲ್ಲಿ ಮಾತ್ರ ಸಿಗುತ್ತಿದೆ. ಹಾಗಂತ ಹಕ್ಕಿ ಕಡಿಮೆಯಾಯಿತು ಎಂದೂ ಕೂಡಲೇ ಹೇಳಲಾಗದು. ಹೊಸದಾಗಿ ಬಂದ 150 ಪಟ್ಟಿಗಳು ಎಲ್ಲಿಯವು? ಹೆಚ್ಚಿನವು ಕೆರೆಯ ನಡುಬಯಲಿನವಾದರೆ ಅಲ್ಲಿ ಮಡಿವಾಳ ಸಿಗುವುದೇ ಅಪರೂಪ. ವರ್ಷದಿಂದ ವರ್ಷಕ್ಕೆ ಹೋಲಿಸಬೇಕಾದರೆ ಎಷ್ಟು ಹೊತ್ತು, ಎಷ್ಟು ದೂರ, ಯಾವ ಜಾಗ ಎಂಬುದು ಹಕ್ಕಿಯ ಹೆಸರಿನಷ್ಟೇ ಮುಖ್ಯ.

ಇದು ಹಳೆಯ ತಲೆನೋವು. ಉತ್ತರ ಅಮೆರಿಕದಲ್ಲಿ 1900ರ ಡಿಸೆಂಬರ್ 25ರಂದು ಪಕ್ಷಿತಜ್ಞ ಫ್ರಾಂಕ್ ಚಾಪ್‌ಮನ್ ಅವರ ಕರೆಗೆ ಓಗೊಟ್ಟು 27 ಮಂದಿ ಹಕ್ಕಿ ಎಣಿಸಿದರು. ಕ್ರಿಸ್‌ಮಸ್ ಗಣತಿ ಎಂದು ಅದು ಇಂದಿಗೂ ನಡೆಯುತ್ತಿದೆ, ಸುಮಾರು 24 ಕಿ.ಮೀ. ವ್ಯಾಸದ ನಿಗದಿತ ವೃತ್ತಗಳೊಳಗೆ. ಎಣಿಸುವವರ ಸಂಖ್ಯೆ ಪ್ರತಿ ವರ್ಷ ಬದಲಾಗುವುದರಿಂದ ಎಷ್ಟು ತಂಡ, ಎಷ್ಟು ತಾಸು ಎಂದು ಬರೆದಿಡುತ್ತಾರೆ. ಆ ಅಂಕಣ ಇಲ್ಲದಿದ್ದರೆ ಉಳಿದ ಅಂಕಣಗಳಿಗೆ ಅರ್ಥ ಕಡಿಮೆ.

ಈಗ ಪೂರ್ಣ ಪಟ್ಟಿಯ ವಿಷಯ. ಗುರುತಿಸಲು ಸಾಧ್ಯವಾದ ಎಲ್ಲ ಪ್ರಭೇದಗಳನ್ನೂ, ಕಂಡದ್ದನ್ನೂ ಕೇಳಿದ್ದನ್ನೂ, ಬಿಡದೆ ಬರೆದರೆ ಅದು ಪೂರ್ಣ ಪಟ್ಟಿ. ಆಗ ಪಟ್ಟಿಯಲ್ಲಿ ಇಲ್ಲದ ಹೆಸರಿಗೂ ಬೆಲೆ ಬರುತ್ತದೆ: ಈ ಹೊತ್ತಿನಲ್ಲಿ ಇಲ್ಲಿ ಅದು ಸಿಗಲಿಲ್ಲ ಎಂಬ ಮಾಹಿತಿ. ಕಾಗೆ, ಪಾರಿವಾಳ ಏನು ಬರೆಯುವುದು ಎಂದು ಬಿಟ್ಟರೆ ಪಟ್ಟಿ ಸುಳ್ಳಾಗುತ್ತದೆ. ಅನುಭವಿಗಳೇ ಇದನ್ನು ಹೆಚ್ಚು ಮಾಡುತ್ತಾರೆ, ಹೊಸಬರಲ್ಲ.

ಹದಿನೈದು ನಿಮಿಷದ ಒಂದು ಪಟ್ಟಿಯನ್ನು ಹತ್ತಿರದಿಂದ ನೋಡೋಣ. ಗಡಿಯಾರ ಮೊದಲು ಶುರುವಾಗಬೇಕು, ಹಕ್ಕಿ ಆಮೇಲೆ. ಒಳ್ಳೆಯ ಹಕ್ಕಿ ಕಂಡ ಮೇಲೆ ‘ಸರಿ, ಈಗ ಪಟ್ಟಿ ಶುರು’ ಎಂದರೆ ಲೆಕ್ಕ ಅಲ್ಲೇ ವಾಲಿತು. ಮೊದಲ ಕೆಲವು ನಿಮಿಷಗಳಲ್ಲಿ ದನಿಯಿಂದಲೇ ಹಲವು ಹೆಸರು ಬರುತ್ತವೆ: ಪಿಕಳಾರ, ಕೋಗಿಲೆ, ಪೊದೆಯೊಳಗಿನ ಕೆಂಬೂತ. ಹತ್ತನೆಯ ನಿಮಿಷದ ಹೊತ್ತಿಗೆ ಬೇಸರ ಬರುತ್ತದೆ, ಆದರೂ ನಿಲ್ಲಬೇಕು. ಹದಿನಾರನೆಯ ನಿಮಿಷಕ್ಕೆ ಗಿಡುಗವೊಂದು ತಲೆಯ ಮೇಲೆ ಸುತ್ತಿದರೆ ಅದನ್ನು ಈ ಪಟ್ಟಿಗೆ ತುರುಕಬಾರದು. ಬಿಡಿ ದಾಖಲೆಯಾಗಿ ಬೇರೆ ಬರೆಯಿರಿ. ಕೈ ತುರಿಸುತ್ತದೆ, ಗೊತ್ತು.

ನಡೆಯುತ್ತಾ ಎಣಿಸುವಾಗ ಹೋದ ದಾರಿಯಲ್ಲೇ ವಾಪಸು ಬಂದರೆ ಒಂದು ಕಡೆಯ ದೂರವನ್ನಷ್ಟೇ ನಮೂದಿಸಿ, ಹೋಗುವಾಗ ಎಣಿಸಿದ ಹಕ್ಕಿಯನ್ನು ಮತ್ತೆ ಎಣಿಸಬೇಡಿ. ಐದು ಜನರ ತಂಡ ಐದು ಪಟ್ಟಿ ಸೇರಿಸಿದರೆ ಒಂದೇ ಹಕ್ಕಿ ಐದಾಗುತ್ತದೆ. ಒಬ್ಬರು ಬರೆದು ಉಳಿದವರೊಂದಿಗೆ ಹಂಚಿಕೊಳ್ಳಲು, ಇಂಥ ಪಟ್ಟಿಗಳನ್ನು ಸೇರಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಸೌಲಭ್ಯ ಇದೆ, ಬಳಸಿ.

ಜಾಗದ ಆಯ್ಕೆಯನ್ನು ಮನಸ್ಸಿಗೆ ಬಿಟ್ಟರೆ ಎಲ್ಲರೂ ಅದೇ ಕೆರೆ ದಂಡೆಗೆ ಹೋಗುತ್ತಾರೆ. ಅದಕ್ಕೆ ಮದ್ದು, ನಕ್ಷೆಯ ಮೇಲೆ ಗೆರೆ ಎಳೆದು ಮಾಡಿದ ಚೌಕ. ಯಾವ ಹಕ್ಕಿ ಎಲ್ಲೆಲ್ಲಿದೆ ಎಂದು ನಕ್ಷೆ ಮಾಡಲು 2015ರಿಂದ 2020ರವರೆಗೆ ನಡೆದ ಕೇರಳ ಪಕ್ಷಿ ಅಟ್ಲಾಸ್‌ನಲ್ಲಿ ಸುಮಾರು 1.1 ಕಿ.ಮೀ. ಅಗಲದ ಚೌಕಗಳನ್ನು ಮೊದಲೇ ಚೀಟಿ ಎತ್ತಿದ ಹಾಗೆ ಆರಿಸಿ, ಪ್ರತಿಯೊಂದರಲ್ಲೂ ಹದಿನೈದು ನಿಮಿಷದ ನಾಲ್ಕು ಪಟ್ಟಿ ಮಾಡಿದರು, ಒಣ ಕಾಲದಲ್ಲೊಮ್ಮೆ, ಮಳೆ ಕಾಲದಲ್ಲೊಮ್ಮೆ. ಸ್ವಯಂಸೇವಕರು ತಂದ ಪಟ್ಟಿಗಳು 25,000 ದಾಟಿದವು. ಇಂಥ ಯೋಜನೆಯಲ್ಲಿ ಬರೀ ರಬ್ಬರ್ ತೋಟ ಇರುವ ಚೌಕವೂ ಪಾಲಿಗೆ ಬರಬಹುದು. ‘ಅಲ್ಲೇನೂ ಇಲ್ಲ’ ಎಂದು ಪಕ್ಕದ ಕಾಡಿಗೆ ಸರಿದರೆ ಇಡೀ ಯೋಜನೆಯ ಉದ್ದೇಶವೇ ಕೆಡುತ್ತದೆ. ಅಲ್ಲಿ ಏನಿಲ್ಲ ಎಂಬುದೇ ಬೇಕಾದ ಉತ್ತರ.

ದೊಡ್ಡ ಹಿಂಡು ಎದುರಾದಾಗ ಹತ್ತು ಹಕ್ಕಿ ಎಣಿಸಿ, ಅವು ಹಿಡಿಯುವ ಜಾಗವನ್ನು ಕಣ್ಣಲ್ಲಿ ಅಳತೆಗೋಲು ಮಾಡಿಕೊಂಡು ಹಿಂಡಿನ ಉದ್ದಕ್ಕೂ ಸರಿಸುತ್ತಾ ಹೋಗಿ. ಸಾವಿರ ದಾಟಿದರೆ ನೂರರ ಅಳತೆ. ದಟ್ಟವಾದ ನಡುಭಾಗದಲ್ಲಿ ಕಣ್ಣು ಮೋಸ ಹೋಗುತ್ತದೆ. ದೊಡ್ಡ ಹಿಂಡನ್ನು ಜನ ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತಾರೆ. ಇಬ್ಬರು ಬೇರೆಬೇರೆಯಾಗಿ ಎಣಿಸಿ ಆಮೇಲೆ ಹೋಲಿಸಿದರೆ ತಪ್ಪು ಬೇಗ ತಿಳಿಯುತ್ತದೆ.

ಗುರುತು ಗಟ್ಟಿಯಾಗದಿದ್ದರೆ ಊಹಿಸಬೇಡಿ. ಗ್ರೀನ್ ವಾರ್ಬ್ಲರ್, ಗ್ರೀನಿಶ್ ವಾರ್ಬ್ಲರ್ ಎಂಬ ಎರಡು ಪುಟ್ಟ ಹಕ್ಕಿಗಳನ್ನು ಎಲೆಗಳ ನಡುವೆ ಬಿಡಿಸಿ ಹೇಳುವುದು ನುರಿತವರಿಗೂ ಕಷ್ಟ. ‘ಇದು ಅಥವಾ ಅದು’ ಎಂದು ಎರಡನ್ನೂ ಸೇರಿಸಿ ನಮೂದಿಸುವ ಅವಕಾಶ ಇ-ಬರ್ಡ್‌ನಲ್ಲಿ ಇದೆ, ಹಾಗೆ ಬರೆಯುವುದು ಸೋಲಲ್ಲ. ಅದಕ್ಕಾಗಿ ಪಟ್ಟಿ ಅಪೂರ್ಣ ಎನಿಸಿಕೊಳ್ಳುವುದೂ ಇಲ್ಲ.

ಕೊನೆಯದಾಗಿ, ಕಳಿಸಿದ ಪಟ್ಟಿಗಳನ್ನು ನೋಡುವ ಪರಿಶೀಲಕರ ಪ್ರಶ್ನೆಗಳು. ಆ ಜಾಗಕ್ಕೆ, ಆ ತಿಂಗಳಿಗೆ ಅಪರೂಪದ ಹಕ್ಕಿಯನ್ನು ದಾಖಲಿಸಿದರೆ ಸ್ವಯಂಸೇವಕ ಪರಿಶೀಲಕರೊಬ್ಬರು ವಿವರ ಕೇಳಬಹುದು. ಅದು ನಿಮ್ಮ ಮೇಲಿನ ಅನುಮಾನ ಅಲ್ಲ. ಮಸುಕಾದ ಫೋಟೋ ಆದರೂ, ಮೊಬೈಲಿನಲ್ಲಿ ಹಿಡಿದ ಕೂಗಾದರೂ ಉಪಯೋಗಕ್ಕೆ ಬರುತ್ತದೆ. ಎರಡೂ ಇಲ್ಲದಿದ್ದರೆ ಅದೇ ದಿನ ನಾಲ್ಕು ಸಾಲು ಬರೆದಿಡಿ: ಎಷ್ಟು ದೂರದಲ್ಲಿತ್ತು, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು, ಮೈಯ ಯಾವ ಭಾಗ ಕಂಡಿತು, ಅದರಂತೆಯೇ ಕಾಣುವ ಇನ್ನೊಂದು ಹಕ್ಕಿ ಅಲ್ಲ ಎಂದು ಯಾವುದರಿಂದ ತೀರ್ಮಾನಿಸಿದಿರಿ. ಪುಸ್ತಕ ತೆರೆಯುವ ಮೊದಲೇ ಬರೆಯಿರಿ. ಚಿತ್ರ ನೋಡಿದ ಮೇಲೆ, ಕಾಣದ ಹುಬ್ಬುಗೆರೆಯೂ ಕಂಡಂತೆ ನೆನಪಾಗುತ್ತದೆ.