ಗುಡ್ಡದ ಕೆರೆಗೆ ಗಾಳ ಒಯ್ಯುವ ಮುಂಚೆ

ಕೇಳುಗರಿಗೆ ನಮಸ್ಕಾರ. ಬೆಳಗಾವಿಯಿಂದ ಜಾಂಬೋಟಿ ದಾಟಿ ಕಣಕುಂಬಿಯತ್ತ ಹೋದ ಹಾಗೆ ಬಯಲು ಮುಗಿದು ಗುಡ್ಡಗಾಡು ಶುರುವಾಗುತ್ತದೆ. ಆ ಕಡೆಯ ಸಣ್ಣ ಕೆರೆಗೆ ಗಾಳ ಹಾಕುವವರು ಮೊದಲು ಕೇಳಬೇಕಾದ್ದು, ಮೀನು ಯಾರದು ಅಂತ. ಕಟ್ಲಾ, ರೋಹು, ಮೃಗಾಲ ಹರಿಯುವ ನೀರಿನ ಮೀನುಗಳು, ನಿಂತ ಕೆರೆಯಲ್ಲಿ ಮರಿ ಮಾಡುವುದಿಲ್ಲ. ಯಾರೋ ದುಡ್ಡು ಕೊಟ್ಟು ಮರಿ ತಂದು ಬಿಟ್ಟಿರುತ್ತಾರೆ. ಒಂದೇ ಗಾಳವಾದರೂ ಅವರ ಒಪ್ಪಿಗೆ ಬೇಕು. ಭೀಮಗಡ ವನ್ಯಜೀವಿಧಾಮದೊಳಗಂತೂ ಗಾಳದ ಮಾತೇ ಬೇಡ.

ಕಾಲುದಾರಿ ಜಂಬಿಟ್ಟಿಗೆ ನೆಲದ್ದು. ಬೇಸಿಗೆಯಲ್ಲಿ ಮೇಲಿನ ಗುಂಡು ಹರಳು ಉರುಳುತ್ತವೆ, ಮಳೆಗಾಲದಲ್ಲಿ ಅದೇ ಕಲ್ಲಿಗೆ ಪಾಚಿ ಕಟ್ಟುತ್ತದೆ. ಇಳಿಜಾರಿನಲ್ಲಿ ಹಿಮ್ಮಡಿ ಊರಿದವರೇ ಹೆಚ್ಚು ಬೀಳುವುದು. ಇಡೀ ಪಾದ ಊರಿ ಸಣ್ಣ ಹೆಜ್ಜೆ ಹಾಕಿ. ಜಿಗಣೆ ಹತ್ತಿದರೆ ಜಗ್ಗಬೇಡಿ, ಉಗುರಿನಿಂದ ಬದಿಗೆ ಸರಿಸಿ ಬಿಡಿಸಿ.

ಹಳ್ಳ ಬಂದು ಕೂಡುವ ಮೂಲೆಯಲ್ಲಿ ಮೀನು ಸೇರುತ್ತವೆ, ಹುಳುಹುಪ್ಪಟೆ ಹರಿದು ಬರುವುದು ಅಲ್ಲಿಗೇ. ಕೆಸರೂ ಅಲ್ಲೇ. ಮೇಲೆ ಒಣಗಿದಂತೆ ಕಂಡರೂ ಕಾಲು ಹುಗಿಯುತ್ತದೆ, ನೀರಿಗಿಳಿಯದೆ ದಂಡೆಯಿಂದಲೇ ಎಸೆಯಿರಿ. ಮಳೆ ಮುಗಿದು ನೀರು ತಿಳಿಯಾದ ಮೇಲೆ ಏರಿಯ ಮೇಲೆ ನಿಲ್ಲುವುದು ಬೇಡ. ನಿಮ್ಮ ನೆರಳು ಬಿದ್ದರೆ ಮೀನು ದೂರ ಸರಿಯುತ್ತವೆ.

ಇನ್ನು ಗಾಳಕ್ಕೆ ಸಿಕ್ಕಿಸುವ ಎರೆ. ನಮ್ಮ ಮನೆಗಳಲ್ಲಿ ಜೋಳದ ಹಿಟ್ಟಿಗೆ ಬರವಿಲ್ಲ, ಆದರೆ ಬರೀ ಜೋಳದ ಉಂಡೆ ನೀರಿನಲ್ಲಿ ಬೇಗ ಬಿಚ್ಚಿಕೊಳ್ಳುತ್ತದೆ. ಗೋಧಿಗಿರುವ ಜಿಗುಟು ಜೋಳಕ್ಕಿಲ್ಲ. ರೊಟ್ಟಿ ಬಡಿಯಲು ಬಿಸಿನೀರು ಹಾಕುವುದೂ ಅದಕ್ಕೇ. ಎರಡು ಪಾಲು ಗೋಧಿ ಹಿಟ್ಟಿಗೆ ಒಂದು ಪಾಲು ಜೋಳ, ಪರಿಮಳಕ್ಕೆ ಒಂದು ಚಮಚ, ಎಣ್ಣೆ ತೆಗೆದುಳಿದ ಶೇಂಗಾ ಹಿಂಡಿಯ ಪುಡಿ ಸೇರಿಸಿ ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆಯಡಿ ಅರ್ಧ ತಾಸು ಇಡಿ. ಕಡಲೆಕಾಳಿನಷ್ಟು ಉಂಡೆಯನ್ನು ತಂಬಿಗೆ ನೀರಿಗೆ ಹಾಕಿ ನೋಡಿ. ಹತ್ತು ನಿಮಿಷ ತಡೆದರೆ ಸಾಕು. ಮೀನು ಕೂಡಿಸಲು ನೆನೆಸಿದ ಹಿಂಡಿ ಒಂದೇ ಹಿಡಿ ಚೆಲ್ಲಿ. ಬುಟ್ಟಿಗಟ್ಟಲೆ ಸುರಿದರೆ ಮೀನಿನ ಹೊಟ್ಟೆ ತುಂಬುತ್ತದೆ, ನೀರು ಕೊಳೆಯುತ್ತದೆ.

ಕಟ್ಲಾ ಮೇಲ್ಪದರದ ಮೀನು, ರೋಹು ನಡುನೀರಿನದು, ಮೃಗಾಲ ತಳದ್ದು. ಮೃಗಾಲಕ್ಕಾದರೆ ಆಳ ಅಳೆಯಲೇಬೇಕು. ಗಾಳಕ್ಕೆ ಭಾರದ ಸೀಸ ಸಿಕ್ಕಿಸಿ ಬಿಡಿ. ದಾರಕ್ಕೆ ಕಟ್ಟಿದ ತೇಲುವ ಬೆಂಡು ಮುಳುಗಿತೇ, ಬೆಂಡಿನಿಂದ ಗಾಳದವರೆಗಿನ ದಾರ ಗಿಡ್ಡವಾಗಿದೆ. ಅಡ್ಡ ಮಲಗಿತೇ, ಉದ್ದವಾಗಿದೆ. ತುದಿ ಮಾತ್ರ ಕಂಡರೆ ಅಳತೆ ಸರಿ. ಆಮೇಲೆ ಭಾರದ ಸೀಸ ತೆಗೆದು ಎರೆ ಸಿಕ್ಕಿಸಿ.

ಬೆಂಡು ಪಟಪಟ ಕುಣಿದರೆ ಬಹುಶಃ ಸಣ್ಣ ಮೀನು ಕಚ್ಚುತ್ತಿವೆ, ಸುಮ್ಮನಿರಿ. ನಿಂತ ಬೆಂಡು ಮೆಲ್ಲಗೆ ಮೇಲೆದ್ದು ಮಲಗಿದರೆ, ತಳದ ಮೀನು ಎರೆಯ ಜೊತೆ ದಾರದಲ್ಲಿರುವ ಸಣ್ಣ ಸೀಸವನ್ನೂ ಎತ್ತಿದೆ ಅಂತ ಅರ್ಥ. ಆಗ ಮೊಣಕೈಯಷ್ಟು ಮಾತ್ರ ಕೋಲೆತ್ತಿ. ಜೋರಾಗಿ ಎಳೆದರೆ ಮೆತ್ತಗಿನ ತುಟಿ ಹರಿದು ಬರಿಗಾಳ ಕೈಗೆ ಬರುತ್ತದೆ.