ಬೀಟೆ ಬೆನ್ನಿನ ಗಿಟಾರು, ಜುಲೈ ಮಳೆ

ಹೊರಗೆ ಕೇಳಿಸುತ್ತಿದೆ ಅಲ್ವಾ? ಹಂಚಿನ ಮೇಲೆ ಮಳೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ, ಜುಲೈ ತಿಂಗಳು, ಕರೆಂಟ್ ಹೋಗಿ ಮೂರು ಗಂಟೆ ಆಯಿತು. ಮೈಕಿಗೆ ಬಟ್ಟೆ ಸುತ್ತಿದರೂ ಈ ಸದ್ದು ಬಿಡುವುದಿಲ್ಲ. ಇರಲಿ, ಇವತ್ತಿನ ಕಥೆಯಲ್ಲಿ ಮಳೆಗೂ ಪಾಲಿದೆ.

ಇದು ನನ್ನ ಗಿಟಾರು. ಕ್ಲಾಸಿಕಲ್, ನೈಲಾನ್ ತಂತಿಯದು. ಒಳಗೆ ಟಾರ್ಚ್ ಬಿಟ್ಟರೆ ಹಳದಿ ತಿರುಗಿದ ಚೀಟಿ ಕಾಣಿಸುತ್ತದೆ. ಮಸಾರು ಕೋನೋ, ಟೋಕಿಯೋ, 1973. ನನಗಿಂತ ಹಿರಿಯ. ಸೆಕೆಂಡ್ ಹ್ಯಾಂಡಲ್ಲಿ ತಗೊಂಡೆ. ಎಷ್ಟು ಕೊಟ್ಟೆ ಅಂತ ಮನೆಯಲ್ಲಿ ಇನ್ನೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ.

ಕೋನೋ ಹುಟ್ಟಿದ್ದು 1926ರಲ್ಲಿ. ಯುದ್ಧ ಮುಗಿದ ಮೂರು ವರ್ಷಕ್ಕೆ, 1948ರಲ್ಲಿ, ಗಿಟಾರ್ ಮಾಡಲು ಕುಳಿತರು. ಬರೀ ನೋಡಿ ಮಾಡಿದರೆ ಆಕಾರ ಬರುತ್ತದೆ, ನಾದ ಬರುವುದಿಲ್ಲ. ಆಮೇಲೆ ಮ್ಯಾಡ್ರಿಡ್‌ಗೆ ಹೋಗಿ ಆರ್ಕಾಂಜೆಲ್ ಫೆರ್ನಾಂಡೆಸ್ ಅವರ ಹತ್ತಿರ ಕೆಲವು ತಿಂಗಳು ಕಲಿತರು. 1967ರಲ್ಲಿ ಬೆಲ್ಜಿಯಂನ ಲಿಯೇಜ್‌ನಲ್ಲಿ ಗಿಟಾರ್ ತಯಾರಕರ ಸ್ಪರ್ಧೆ ನಡೆದಾಗ ಚಿನ್ನದ ಪದಕ ಇವರಿಗೇ ಬಂತು. 1998ರಲ್ಲಿ ತೀರಿಕೊಂಡರು.

ಈಗ ಬೆನ್ನು ತೋರಿಸುತ್ತೇನೆ. ಗೊತ್ತಾಯ್ತಾ? ಅಜ್ಜಿ ನೋಡಿದ ತಕ್ಷಣ, "ಅಯ್ಯೋ, ಇದು ನಮ್ಮ ಮಂಚದ ಮರ!" ಅಂದರು. ಬೀಟೆ! ಮೊದಲೆಲ್ಲ ಒಳ್ಳೆಯ ಗಿಟಾರಿಗೆ ಬ್ರೆಜಿಲಿನ ರೋಸ್‌ವುಡ್ಡೇ ಬೇಕಿತ್ತು. ಅರವತ್ತರ ದಶಕದ ಕೊನೆಗೆ ಅಲ್ಲಿಂದ ದಿಮ್ಮಿ ಬರುವುದು ನಿಂತಿತು. ಆಗ ಎಲ್ಲರೂ ನಮ್ಮ ಬೀಟೆ ಕಡೆ ತಿರುಗಿದರು. ಘಟ್ಟದ ಯಾವ ಕಾಡಿನ ಮರವೋ, ಯಾವ ಡಿಪೋದಲ್ಲಿ ನಂಬರ್ ಹೊಡೆಸಿಕೊಂಡು ಹಡಗು ಹತ್ತಿತೋ! ಟೋಕಿಯೋ ಸುತ್ತಿ ಈ ಜಗಲಿಗೆ ಬಂದು ಕೂತಿದೆ. ಅಗೋ, ತೋಟದ ಅಂಚಿಗೆ ನಿಂತಿದೆಯಲ್ಲ, ಅದೂ ಬೀಟೆಯೇ. ನಮ್ಮದೇ ಜಾಗ, ಆದರೂ ಅರಣ್ಯ ಇಲಾಖೆ ಒಪ್ಪದೆ ಕಡಿಯುವ ಹಾಗಿಲ್ಲ. ಕಡಿಯುವುದೂ ಬೇಡ ಬಿಡಿ.

ಬೀಟೆಗೆ ಮಳೆ ಹೊಸದಲ್ಲ. ಪೇಚಾಟವೆಲ್ಲ ಮುಂದಿನ ಹಲಗೆಯದು. ಅದು ಸ್ಪ್ರೂಸ್, ಚಳಿ ದೇಶದ ಮರ. ದಪ್ಪ ಎರಡೂವರೆ ಮಿಲಿಮೀಟರ್ ಆಸುಪಾಸು. ಅದರ ಮೇಲೆ ಆರು ತಂತಿ ಸೇರಿ ಸುಮಾರು 40 ಕಿಲೋ ಎಳೆತ. ಅರ್ಧ ಮೂಟೆ ಅಡಿಕೆಗಿಂತ ಜಾಸ್ತಿ! ಗಾಳಿಯ ತೇವ ಶೇಕಡಾ 50ರ ಹತ್ತಿರ ಇದ್ದರೆ ಇದಕ್ಕೆ ಹಿತ. ನಮ್ಮಲ್ಲಿ ಉಪ್ಪಿನ ಭರಣಿಯೇ ಬೆವರುತ್ತದೆ. ಹಲಗೆ ತೇವ ಕುಡಿದು ಅಡ್ಡಕ್ಕೆ ಹಿಗ್ಗುತ್ತದೆ, ಹೊಟ್ಟೆ ಉಬ್ಬುತ್ತದೆ, ತಂತಿ ಮೇಲೇಳುತ್ತದೆ.

ಹೋದ ವರ್ಷ ದಡ್ಡತನ ಮಾಡಿದೆ. ಚೆಂದ ಕಾಣಲಿ ಅಂತ ಹದಿನೈದು ದಿನ ಜಗಲಿ ಗೋಡೆಗೆ ಸುಮ್ನೆ ನೇತುಹಾಕಿದ್ದೆ. ಬ್ರಿಡ್ಜು, ಅಂದರೆ ಹಲಗೆ ಮೇಲೆ ಅಂಟಿಸಿ ತಂತಿ ಕಟ್ಟುವ ಮರದ ಪಟ್ಟಿ, ಅದರ ಹಿಂಬದಿ ಎದ್ದುಬಿಟ್ಟಿತು, ಲಗ್ನಪತ್ರಿಕೆ ತೂರುವಷ್ಟು. ಒಂದು ಅಂಗಡಿಗೆ ಒಯ್ದೆ. "ಎರಡು ಸ್ಕ್ರೂ ಹೊಡೆದರೆ ಆಯ್ತು" ಅಂದರು. ಎತ್ತಿಕೊಂಡು ಓಡಿ ಬಂದೆ.

ಕೊನೆಗೆ ಕೈ ಹಿಡಿದವರು ಸಾಗರದ ಗುಡಿಗಾರರೊಬ್ಬರು. ಗಂಧದ ಕೆತ್ತನೆಯಲ್ಲೇ ತಲೆ ಹಣ್ಣಾದವರು. ಗಿಟಾರು ಮುಟ್ಟಿದ್ದು ಅದೇ ಮೊದಲಂತೆ. ಅಂಟಿನ ಸುದ್ದಿಗೇ ಹೋಗದೆ ಮೊದಲು ಸಣ್ಣ ಕನ್ನಡಿ, ಟಾರ್ಚ್ ತರಿಸಿ ಒಳಗೆ ನೋಡಿದರು. ಹಲಗೆಯ ಅಡಿಯಲ್ಲಿ ಬೀಸಣಿಗೆ ಹರಡಿದ ಹಾಗೆ ತೆಳು ಪಟ್ಟಿಗಳು. ಈ ಜೋಡಣೆಗೆ ಒಂದು ಹದ ತಂದವರು 19ನೇ ಶತಮಾನದ ಸ್ಪೇನಿನ ಆಂಟೋನಿಯೋ ಡಿ ಟೋರೆಸ್ ಅಂತ ನಾನು ಶುರು ಮಾಡಿದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ಒಂದು ಪಟ್ಟಿಯ ತುದಿ ತೋರಿಸಿ, "ಇಲ್ಲಿ ಉಳಿ ಒಂದೇ ಸಲ ಓಡಿದೆ ನೋಡು. ಎರಡನೇ ಸಲ ಮುಟ್ಟೇ ಇಲ್ಲ" ಅಂದರು. ಪಕ್ಕದಲ್ಲೇ ಒಂದು ಪೆನ್ಸಿಲ್ ಗೆರೆ. ಅಳಿಸದೆ ಬಿಟ್ಟದ್ದು ಹಾಗೇ ಉಳಿದಿತ್ತು. ಅದನ್ನು ತುಂಬಾ ಹೊತ್ತು ನೋಡಿದರು.

ಹಳೆ ಅಂಟು ಕೆರೆದು, ಹೊಸದು ಹಾಕಿ, ಎರಡು ದಿನ ಬಿಗಿದಿಟ್ಟರು. ಕೂಲಿ 600 ರೂಪಾಯಿ. ಬೈಗುಳ ಬೇರೆ: "ಮಳೆಗಾಲದಲ್ಲಿ ಗಂಧದ ತುಂಡನ್ನೇ ನಾವು ಹೊರಗಿಡಲ್ಲ, ನೀನು ಇದನ್ನ ಜಗಲಿಗೆ ನೇತುಹಾಕ್ತೀಯಾ?"

ಈಗ ಇದರ ವಾಸ ಪೆಟ್ಟಿಗೆಯಲ್ಲಿ. ಜೊತೆಗೆ ಸಿಲಿಕಾ ಜೆಲ್ ಚೀಲಗಳು, ಒಂದು ತೇವದ ಮೀಟರ್. ಮೀಟರ್ 58 ತೋರಿಸುತ್ತಿದೆ. ಹತ್ತು ನಿಮಿಷ ಹೊರಗಿಟ್ಟರೆ ಪರವಾಗಿಲ್ಲ. ಐದನೇ ತಂತಿ ಇಳಿದಿದೆ, ಶ್ರುತಿ ಮಾಡಿಕೊಳ್ಳುತ್ತೇನೆ, ಒಂದು ನಿಮಿಷ.