ಪೋರ್ಟ್ ನೋಡಿ, ಆಮೇಲೆ ವೈರ್ ಚುಚ್ಚಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಗೆ ಫೈಬರ್ ಇಂಟರ್ನೆಟ್ ಬಂದಿದೆ. ಮೊದಲು ತಂದಿದ್ದ ಸಿಮ್ ಹಾಕುವ ಹಾಟ್‌ಸ್ಪಾಟ್ ರೂಟರ್ ಸುಮ್ನೆ ಕಪಾಟಿನಲ್ಲಿ ಬಿದ್ದಿದೆ. ಫೈಬರ್ ಪೆಟ್ಟಿಗೆಯಿಂದ ವೈರ್ ಎಳೆದು ಅದಕ್ಕೆ ಕೊಟ್ಟು ಹಿಂದಿನ ಕೋಣೆಗೂ ವೈಫೈ ಮಾಡ್ಕೊಳ್ಳಬಹುದಾ ಅಂತ ಬಹಳ ಜನ ಕೇಳುತ್ತಾರೆ. ಮಾಡಬಹುದು. ಆದರೆ ಮೊದಲು ಪೋರ್ಟ್, ಅಂದರೆ ವೈರ್ ಚುಚ್ಚುವ ಕಿಂಡಿ, ನೋಡಿ.

ಜೇಬಿನಲ್ಲಿಡುವ ಪುಟ್ಟ ಹಾಟ್‌ಸ್ಪಾಟಿಗೆ ಸಾಮಾನ್ಯವಾಗಿ ಚಾರ್ಜಿಂಗಿನ ಯುಎಸ್‌ಬಿ ಬಿಟ್ಟರೆ ಬೇರೆ ಪೋರ್ಟ್ ಇರುವುದಿಲ್ಲ. ಅದನ್ನು ಮರೆತುಬಿಡಿ. ಮೇಜಿನ ಮೇಲಿಡುವ 4ಜಿ ರೂಟರ್ ಆದರೆ ಲ್ಯಾನ್ ಪೋರ್ಟ್ ಇರುತ್ತದೆ, ಕೆಲವದರಲ್ಲಿ ವ್ಯಾನ್ ಕೂಡ. ಎರಡೂ ಒಂದೇ ಅಲ್ಲ, ದಯವಿಟ್ಟು ನೆನಪಿಡಿ. ವ್ಯಾನ್ ಅಂದರೆ ಇಂಟರ್ನೆಟ್ ಒಳಗೆ ಬರುವ ದಾರಿ. ಲ್ಯಾನ್ ಅಂದರೆ ಮನೆಯ ಕಂಪ್ಯೂಟರ್, ಟಿವಿಗೆ ಹೋಗುವ ದಾರಿ.

ತೀರ್ಥಹಳ್ಳಿ ಕಡೆ ನನ್ನ ಪರಿಚಯದವರ ತೋಟದ ಮನೆಯಿದೆ. ಉದ್ದನೆಯ ಮನೆ. ಫೈಬರ್ ಪೆಟ್ಟಿಗೆ ಜಗಲಿಯಲ್ಲಿ, ಮಗಳ ಆಫೀಸ್ ಕೆಲಸ ಹಿಂದಿನ ಕೋಣೆಯಲ್ಲಿ. ವೈರ್ ಎಳೆದು 4ಜಿ ರೂಟರ್‌ನ ಲ್ಯಾನ್‌ಗೆ ಚುಚ್ಚಿದರು. ಬೆಳಿಗ್ಗೆ ನೆಟ್ ಬಂತು, ಮಧ್ಯಾಹ್ನ ಹೋಯಿತು. ಅಪ್ಪನ ಫೋನಿನಲ್ಲಿ ಇದೆ, ಮಗಳ ಲ್ಯಾಪ್‌ಟಾಪಿನಲ್ಲಿ ಇಲ್ಲ. ಕಂಪನಿಗೆ ಫೋನ್ ಮೇಲೆ ಫೋನ್. ಲೈನ್ ಸರಿಯಿದೆ ಅಂತ ಅವರು. ನಿಜಕ್ಕೂ ಲೈನ್ ಸರಿಯಾಗೇ ಇತ್ತು! ನಾನು ಹೋಗಿ ನೋಡಿದರೆ ಎರಡೂ ಪೆಟ್ಟಿಗೆಗೆ 192.168.1.1 ಅನ್ನೋ ಒಂದೇ ವಿಳಾಸ. ಎರಡರಲ್ಲೂ ಡಿಎಚ್‌ಸಿಪಿ ಆನ್. ಅಂದರೆ ಮನೆಯ ಫೋನು, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಕೆಲಸವನ್ನು ಎರಡೂ ಮಾಡುತ್ತಿವೆ. ಒಂದೇ ಬಸ್ಸಿಗೆ ಇಬ್ಬರು ಕಂಡಕ್ಟರ್ ಹತ್ತಿದ ಹಾಗೆ. 4ಜಿ ರೂಟರ್‌ನ ವಿಳಾಸವನ್ನು 192.168.1.2 ಮಾಡಿದೆ. ಅದರ ಡಿಎಚ್‌ಸಿಪಿ ಆಫ್ ಮಾಡಿದೆ. ವೈರ್ ಮುಟ್ಟಲೇ ಇಲ್ಲ, ಲ್ಯಾನ್‌ನಿಂದ ಲ್ಯಾನ್‌ಗೇ ಬಿಟ್ಟೆ. ಮಗಳು ಅಲ್ಲೇ ಕೂತು ವಿಡಿಯೊ ಕಾಲ್ ಮಾಡಿದಳು, ಒಮ್ಮೆಯೂ ತಡೆಯಲಿಲ್ಲ.

ವ್ಯಾನ್ ಇಲ್ಲದಿದ್ದರೆ ಹೀಗೆ. ವ್ಯಾನ್ ಪೋರ್ಟ್ ಇದ್ದವರು ಅದೃಷ್ಟವಂತರು. ವೈರ್ ಅದಕ್ಕೇ ಕೊಡಿ, ಸಿಮ್ ಒಳಗೇ ಇರಲಿ, ಡಿಎಚ್‌ಸಿಪಿ ಮುಟ್ಟಬೇಡಿ. ಆದರೆ ಇಲ್ಲೂ 4ಜಿ ರೂಟರ್‌ನ ವಿಳಾಸ ಬೇರೆ ಬೇಕು, 192.168.2.1 ಅಂತ ಇಡಿ. ಸೆಟ್ಟಿಂಗ್‌ನಲ್ಲಿ ವ್ಯಾನ್ ಮೊದಲು, ಸಿಮ್ ಆಮೇಲೆ ಅನ್ನೋ ಆಯ್ಕೆ ಇದ್ದರೆ ಆನ್ ಮಾಡಿ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದರೂ ಸಿಮ್‌ನಿಂದ ಕೆಲಸ ನಡೆಯುತ್ತದೆ.

ಸಮಯ ಆಗುತ್ತಾ ಬಂತು, ಇನ್ನೆರಡು ಮಾತು. ಪೋರ್ಟ್ 10/100 ಬಗೆಯದಾದರೆ ಸ್ಪೀಡ್ 100 ಎಂಬಿಪಿಎಸ್ ದಾಟುವುದಿಲ್ಲ. 300 ಎಂಬಿಪಿಎಸ್ ಪ್ಲಾನ್ ಹಾಕಿಸಿಕೊಂಡು ಸ್ಪೀಡ್ ಇಲ್ಲ ಅಂತ ಕಂಪನಿಯನ್ನು ಬೈಯಬೇಡಿ. ವೈರ್ ಕ್ಯಾಟ್ 5ಇ ಅಥವಾ ಕ್ಯಾಟ್ 6 ಅನ್ನೋ ಬಗೆಯದು ಇರಲಿ, ಉದ್ದ 100 ಮೀಟರ್ ಒಳಗಿರಲಿ. ಹೊಸ ರೂಟರ್ ಕೊಳ್ಳುವವರು ಅಂಗಡಿಯಲ್ಲೇ ಡಬ್ಬ ಬಿಚ್ಚಿಸಿ, ವ್ಯಾನ್ ಅಂತ ಬರೆದಿದೆಯಾ ನೋಡಿಯೇ ದುಡ್ಡು ಕೊಡಿ. ನಮಸ್ಕಾರ.